ಯಾರ ಪೈಕಿ

ರಾತ್ರಿ ಹನ್ನೊಂದೂವರೆ. ಯಾದಗಿರಿ ಜಿಲ್ಲಾಸ್ಪತ್ರೆಯ
ಎಕ್ಸ್‌ರೇ ಕೋಣೆಯ ಹೊರಗೆ ಹಾಸಿದ ಶಹಾಬಾದ್ ಕಲ್ಲು
ಹಗಲಿನ ಬಿಸಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.
ತಾಯಪ್ಪ ಫೋನಿನಲ್ಲಿ ಅಂದದ್ದು ಇಷ್ಟೇ:
"ಜಾಗ ಇಲ್ಲ ಅನ್ಲಾಕತ್ತದ ಮೇಡಂ, ಮಿಷಿನ್ನು."

ಬೆಂಚಿನ ಮೇಲೆ ಹುಣಸೆ ಗಿಡದಿಂದ ಬಿದ್ದ ಹುಡುಗ,
ಮೊಣಕೈಗೆ ಸುತ್ತಿದ ಟವೆಲ್ಲು.
ಪಕ್ಕದಲ್ಲಿ ಅವನಜ್ಜಿ, ಗುರುಮಠಕಲ್ಲಿನ ಸಾಬಮ್ಮ,
ನಾನು ಕೀಲಿ ತೆಗೆಯುವುದರೊಳಗೇ ಕೇಳಿದಳು:
"ಯಾರ ಪೈಕಿ ಯವ್ವಾ ನೀನು?"

ನಮ್ಮ ಕಡೆ ಅದು ಹೆಸರಿಗಿಂತ ಮುಂಚಿನ ಪ್ರಶ್ನೆ.
ಹುಟ್ಟಿದ್ದು ಶಹಾಪುರ, ಕೊಟ್ಟಿದ್ದು ಚಿತ್ತಾಪುರ,
ಸಂಬಳ ಹಾಕುವ ಏಜೆನ್ಸಿ ಯಾವೂರಿನದೋ ನನಗೂ ಗೊತ್ತಿಲ್ಲ.
"ಶಹಾಪುರದ ಕಡೆಯಾಕಿ" ಅಂದೆ.
ಅರ್ಧ ಉತ್ತರವೆಂದು ಅವಳಿಗೆ ತಿಳಿಯಿತು.

ಒಳಗೆ ಕರಿ ಪರದೆ, ಬಿಳಿ ಅಕ್ಷರ.
ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ:
ಎರಡೆರಡು ಸಲ ಇಳಿಸಿಕೊಂಡಿದ್ದ ಹಳೆಯ ಪ್ರತಿಗಳನ್ನು
ಹುಡುಕಿ ಹುಡುಕಿ ಅಳಿಸಿದೆ.
ಅಂಗೈಯಗಲ ಜಾಗವೂ ಆಗಲಿಲ್ಲ.
ಒಬ್ಬರ ಹೊಲದ ಕಳೆ ಕಿತ್ತು
ಇನ್ನೊಬ್ಬರ ಹೊಲ ಹಸನಾಗಲೆಂದು ಕಾದಿದ್ದೆ.

ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಮರ,
ಬೇರಿನಿಂದ ತುದಿಯವರೆಗೆ ಓರೆಗೆರೆಗಳ ಒಂದೇ ದಾರಿ.
ಯಾವ ಕೊಂಬೆ ಯಾವ ಡಿಸ್ಕಿನಿಂದ ಬಂದ ಕಸಿಯೋ
ದಾರಿ ಹೇಳುವುದಿಲ್ಲ.
ವಾಡಿಯಿಂದ ಬರುವ ರೈಲಿನಲ್ಲಿ, ನಾಲವಾರ ದಾಟಿ,
ಜಿಲ್ಲೆ ಎಲ್ಲಿ ಬದಲಾಯಿತೆಂದು
ಕಿಟಕಿ ಹೇಳುತ್ತದೆಯೇ?

ಎಕ್ಸ್‌ರೇ ಫೋಲ್ಡರಿನೊಳಗೆ ಹೋಗಿ ನಿಂತು
ಎರಡಕ್ಷರ, ಒಂದು ಚುಕ್ಕೆ ಒತ್ತಿದೆ.
ಡಿಎಫ್, ಚುಕ್ಕೆ.
ಚುಕ್ಕೆಯೆಂದರೆ ಇಲ್ಲೇ, ನಾನು ನಿಂತ ಜಾಗ.
ಡಿಎಫ್ ಎಂದರೆ ಸಾಬಮ್ಮನ ಪ್ರಶ್ನೆ.

ಉತ್ತರ ಒಂದೇ ಸಾಲು. ಅದರ ಕೊನೆಯಲ್ಲಿ
ಒಂಟಿ ಓರೆಗೆರೆ. ಬೇರು.
ಎಕ್ಸ್‌ರೇಗೆಂದೇ ತಂದ ದೊಡ್ಡ ಡಿಸ್ಕು ಅಲ್ಲ,
ಯಂತ್ರದ ಜೊತೆ ಹುಟ್ಟಿದ ಸಣ್ಣದು,
ನೂರಕ್ಕೆ ನೂರು ತುಂಬಿ ಬಿರಿಯುತ್ತಿದೆ.

"ಸೋಮವಾರ ಕರೆಂಟ್ ಹೋಗಿತ್ತೇನು ತಾಯಪ್ಪ?"
"ಮೂರು ಸರ್ತಿ ಹೋಯ್ತ್ರಿ."
"ಹಳೇ ಫೋಟೋ ಕಾಣವಲ್ದು ಅಂತ ಯಾರೂ ಅನ್ನಲಿಲ್ಲ?"
"ಹಳೇ ಎಲುಬು ಯಾರು ಕೇಳ್ತಾರ್ರಿ?"

ಆವತ್ತೇ ಕಳಚಿತ್ತು ದೊಡ್ಡ ಡಿಸ್ಕು.
ಬಾಗಿಲ ಮೇಲಿನ ಹೆಸರು ಹಾಗೇ ಇತ್ತು,
ಹಿಂದಿನ ಮನೆ ಇರಲಿಲ್ಲ.
ಸೋಮವಾರದಿಂದ ಗುರುವಾರದವರೆಗಿನ
ಪಕ್ಕೆಲುಬು, ಹಿಮ್ಮಡಿ, ಮೋಡ ಕವಿದ ಎದೆಗಳು
ಬಂದು ಬಂದು ಬರಿ ಅಡಿಪಾಯದ ಮೇಲೆ ಇಳಿದಿದ್ದವು.

ಡಿಸ್ಕನ್ನು ಮತ್ತೆ ಸಿಕ್ಕಿಸುವುದು ಒಂದು ಸಾಲಿನ ಕೆಲಸ.
ಬೆರಳು ಎಂಟರ್ ಮೇಲೇ ಇತ್ತು.
ಆಗ ಹೊಳೆಯಿತು: ಈಗ ಸಿಕ್ಕಿಸಿದರೆ
ಈ ನಾಲ್ಕು ದಿನ ಅದರಡಿ ಮುಚ್ಚಿಹೋಗುತ್ತವೆ.
ಅಳಿದರೆ ಅತ್ತು ಬಿಡಬಹುದು.
ಅಳಿಯುವುದಿಲ್ಲ. ಇರುತ್ತವೆ, ಕಾಣುವುದಿಲ್ಲ,
ಜಾಗ ತಿನ್ನುತ್ತ, ಹೆಸರಿಡಿದು ಕರೆದರೆ ಓಗೊಡದೆ.

ಫೋಲ್ಡರಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿದೆ.
ಹಳೆಯ ಹೆಸರಿನ ಖಾಲಿ ಫೋಲ್ಡರು ಮಾಡಿದೆ.
ಡಿಸ್ಕು ಸಿಕ್ಕಿಸಿದೆ. ಅದೇ ಎರಡಕ್ಷರ, ಅದೇ ಚುಕ್ಕೆ.
ಅದೇ ಒಂಟಿ ಓರೆಗೆರೆ!

ಎದೆ ಝಲ್ಲೆಂದಿತು.
ತುಸು ಹೊತ್ತಿಗೆ ನಗು ಬಂತು:
ನಾನಿನ್ನೂ ಹಳೆಯ ಮನೆಯೊಳಗೇ ನಿಂತಿದ್ದೆ.
ಬಾಗಿಲಿನ ಹೆಸರು ಬದಲಿಸಿದವಳಿಗೇ
ತಾನು ಹೊರಗೆ ಬರಬೇಕೆಂಬುದು ಮರೆತಿತ್ತು.
ಬೇರಿನವರೆಗೆ ಹತ್ತಿ ಬಂದು
ಮತ್ತದೇ ದಾರಿಯಲ್ಲಿ ಇಳಿದು ಕೇಳಿದೆ.
ಈಗ ಸರಿಯಾದ ಉತ್ತರ.

ನಾಲ್ಕು ದಿನದ ಎಲುಬುಗಳು
ಸಾಲುಸಾಲಾಗಿ ತಮ್ಮ ಪೈಕಿ ಸೇರತೊಡಗಿದವು.
ಹುಡುಗನ ಮೊಣಕೈ ಬಂತು ಪರದೆಗೆ,
ಕೂದಲೆಳೆಯಷ್ಟು ಬಿರುಕು.
"ಉಳೀತ್ರಿ" ಅಂದ ತಾಯಪ್ಪ, ಫೋಟೋ ಕುರಿತು.

ಹೊರಗೆ ಬಂದೆ. ಚಪ್ಪಲಿ ಹುಡುಕುತ್ತಿದ್ದೆ.
ಸಾಬಮ್ಮ ಬಿಟ್ಟಲ್ಲಿಂದಲೇ ಹಿಡಿದಳು:
"ಶಹಾಪುರದಾಗ ಯಾರ ಮನಿ?"