ಳ

ಚಾರ್ಟಿನಲ್ಲಿ ಅದರದು ಕೊನೆಯ ಮನೆ.
ಹ ದಾಟಿದ ಮೇಲೆ, ಟೇಪು ಬಿಟ್ಟು ಸುರುಳಿಯಾದ ಮೂಲೆಯಲ್ಲಿ
ತಡವಾಗಿ ಬಂದು ಬಾಗಿಲಲ್ಲೇ ನಿಂತ ಹುಡುಗನ ಹಾಗೆ.

ಗ ಪಕ್ಕ ಗಡಿಗೆ. ಚ ಪಕ್ಕ ಚಮಚ.
ಳ ಪಕ್ಕ ಯಾರೋ ಬಾಳೆಹಣ್ಣು ಬರೆದಿದ್ದಾರೆ.
'ಟೀಚರ್, ಅದು ಬಾ ಅಲ್ಲೇನ್ರೀ?'
ಎರ್ರಿಸ್ವಾಮಿ ಕೇಳಿದ್ದು ನ್ಯಾಯ.
ಯಾವ ಮಾತಿನ ಮುಂದೂ ನಿಲ್ಲುವುದಿಲ್ಲ ಕಣೋ ಇದು,
ನಡುವೆ ತೂರುತ್ತದೆ, ಇಲ್ಲಾ ಹಿಂದೆ ಕೂರುತ್ತದೆ ಎಂದೆ.
ನಾಲಿಗೆ ಮಡಚಿರಿ, ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಇಪ್ಪತ್ತೈದು ನಾಲಿಗೆ ಮಡಚಿದವು.

ತಸ್ಮಿಯಾಳದು ಹಲ್ಲಿನ ಹಿಂದೆ ನೆಟ್ಟಗೆ ನಿಂತಿತ್ತು.

ಅವಳ ಬಾಯಲ್ಲಿ ಬಳೆ ಬಲೆಯಾಗುತ್ತದೆ,
ಕಳೆ ಕಲೆಯಾಗುತ್ತದೆ.
'ಅಮ್ಮಿ ಸಾರಿಗೆ ಹುಲಿ ಹಿಂಡ್ಯಾಳ್ರೀ' ಎಂದ ದಿನ
ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು,
ಯಾಕೆಂದು ತಿಳಿಯದೆ, ಎಲ್ಲರಿಗಿಂತ ಜೋರಾಗಿ.
ಹುಟ್ಟಿದ ಊರೂ ಅವಳಿಗೆ ಬಲ್ಲಾರಿ.
ಅದರಲ್ಲೋ ಒಂದಲ್ಲ, ಎರಡು ಳ,
ಒಂದರ ಕಾಲಡಿ ಇನ್ನೊಂದು.

ನನ್ನ ಕಾಲಕ್ಕಾದರೆ ಬೆರಳ ಗಂಟಿಗೆ ಸ್ಕೇಲು ಬೀಳುತ್ತಿತ್ತು.
ನಾನು ಪೌಡರ್ ಡಬ್ಬಿಯ ಕನ್ನಡಿ ತಂದೆ.
ಅವಳೆದುರು ಬಾಯಿ ಅಗಲಿಸಿ ನೋಡಮ್ಮ ಹೀಗೆ ಎಂದರೆ
ಅವಳು ನೋಡಿದ್ದು ದವಡೆ ಹಲ್ಲಿನೊಳಗಿನ ಸಿಮೆಂಟು:
'ಅದು ಯಾರು ತುಂಬ್ಯಾರ್ರೀ? ಎಷ್ಟು ತಗಂಡ್ರು?'

ಕೌಲ್ ಬಜಾರಿನ ಒಂದು ಸಂದಿಯಲ್ಲಿ ಅವಳ ಮನೆ.
ತಾಯಿ ಮಹಜಬೀನ್ ಜೀನ್ಸಿಗೆ ಜೇಬು ಹೊಲಿಯುತ್ತಾಳೆ,
ಕಟ್ಟು ಕಟ್ಟಾಗಿ ಬಂದು ಬೀಳುತ್ತವೆ ತುಂಡುಗಳು.
ಮಿಶನ್ನಿನ ಗಾಲಿಯಿದೆ, ಗಾಳಿಯಿಲ್ಲ ಆ ಕೋಣೆಗೆ.
ಮಗಳ ಸ್ಲೇಟಿನ ಚೌಕಟ್ಟಿಗೂ
ನೀಲಿ ಬೆರಳಚ್ಚು ಹತ್ತಿದೆ.

ಗುರುವಾರ ಬಂದವಳೇ
ದುಪಟ್ಟಾದ ಅಂಚು ಹಿಡಿದು ಎರಡು ಸಲ ಒಳಕ್ಕೆ ಮಡಚಿದಳು.
'ಅಮ್ಮಿ ಹೇಳ್ಯಾಳ್ರೀ, ನಾಲಿಗೀನೂ ಹಿಂಗೇ ಅಂತ.
ಐಸಾ ಮೋಡ್, ಅಂದ್ಲು.'

ಮೋಡ್.
ನನ್ನ ಕಿವಿಗೆ ಮೊದಲು ಬಿದ್ದದ್ದು ಮೋಡ.
ಕಿಟಕಿಯಾಚೆ ಕೋಟೆ ಗುಡ್ಡ ಕಾದು ಬಿಳಚಿಕೊಂಡಿತ್ತು,
ಮೇಲೆ ಒಂದು ಹತ್ತಿಯೆಳೆಯೂ ಇರಲಿಲ್ಲ.
ಇನ್ನೊಂದು ಸಲ ಅನ್ನು ಎಂದೆ.
ಮೋಡ್, ಅಂದಳು.
ಆಗ ಕಂಡಿತು ನನಗೆ:
ಅದು ನಮ್ಮ ಡಬ್ಬಿಯ ಡ ಅಲ್ಲ,
ನಾಲಿಗೆ ಹಿಂದಕ್ಕೆ ಬಾಗಿ
ಅಂಗುಳಕ್ಕೆ ತಾಗಿ ಫಕ್ಕನೆ ಜಾರುವ ಡ.
ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿರುವ ನಾನು
ಇಲ್ಲದ ಜಾಗ ಹುಡುಕುತ್ತಿದ್ದೆ ಈ ಬಾಯಲ್ಲಿ,
ಅವಳ ಮನೆಮಾತು ಆಗಲೇ ಅಲ್ಲಿಗೆ
ದಿನಕ್ಕೆ ನೂರು ಸಲ ಹೋಗಿ ಬರುತ್ತಿತ್ತು.

ಅಲ್ಲೇ ನಿಲ್ಲು ತಸ್ಮಿಯಾ. ಜಾರಬೇಡ.
ಡ ಹುಟ್ಟಿದ ಜಾಗದಲ್ಲೇ ನಾಲಿಗೆ ಇಟ್ಟುಕೊಂಡು
ಪಕ್ಕದಿಂದ ಉಸಿರು ಬಿಡು.

ಕಣ್ಣು ಮುಚ್ಚಿದಳು. ಮೂಗಿನ ಮೇಲೆ ಬೆವರು.
ಏನೋ ಒಂದು ಗುರುಗುಟ್ಟಿತು, ಒಡೆಯಿತು, ಮತ್ತೆ ಬಂತು.
'ಮಳೆ.'

ಎರ್ರಿಸ್ವಾಮಿ ಬೆಂಚಿನ ಮೇಲೆ ಗುದ್ದಿದ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು.
ಮಧ್ಯಾಹ್ನದ ಬೆಲ್ಲಿನ ಹೊತ್ತಿಗೆ
ಚಾರ್ಟಿನ ಹುಲಿ ಹುಳಿಯಾಗಿತ್ತು,
ಲೋಟದ ಹಾಲು ಹಾಳಾಗಿತ್ತು,
ಬಾಳ ಅಳ್ಳಾಡಿಸುತ್ತ ನಾಯಿಯೊಂದು ಬಂದು ಹೋಯಿತು.
ಸಿಕ್ಕ ಸಿಕ್ಕ ಲ ಹಿಡಿದು ಅಂಚು ಮಡಚಿ ಹೊಲಿಯುತ್ತಿದ್ದಾಳೆ,
ಕೆಲಸ ಕಲಿತ ಹೊಸ ಹುರುಪು.

ಸಂಜೆ ಚೀಲ ಬೆನ್ನಿಗೇರಿಸಿ ಗೇಟಿನಿಂದ ಕೂಗಿದಳು:
'ಟೀಚರ್, ಶಾಳೆ ಬಿಡ್ತು! ನಾಳೆ ಬರ್ತೀನ್ರೀ!'
ಒಂದು ತಪ್ಪು, ಒಂದು ಸರಿ.
ತಿದ್ದಲು ಬಾಯಿ ತೆರೆದೆ.
ಅಷ್ಟರಲ್ಲಿ ಅವಳು ತಾಯಿಗೆ ಹೇಳಲು
ಓಡುತ್ತಿದ್ದಳು.