ದಿನ ಬಿಟ್ಟು ದಿನ

ಕೊಣಾಜೆಯ ಬಸ್ಸಿಳಿದು ಬಂದಿದ್ದೇನೆ.
ಕೈಯಲ್ಲಿ ಅರ್ಜಿ, ರಕ್ತದ ರಿಪೋರ್ಟು,
ವೆನ್ಲಾಕಿನ ನೀಲಿ ಸೀಲು;
ಬೆವರಿಗೆ ಅದೂ ಸ್ವಲ್ಪ ಕದಡಿದೆ.

ಕಿಟಕಿಯಾಚೆ ಲೀಲಾಧರ ಗಟ್ಟಿಯವರು
ಕನ್ನಡಕ ಹಣೆಗೇರಿಸಿ ಓದುತ್ತಾರೆ:
"ಸೋಮವಾರ ಗೈರು. ಮಂಗಳವಾರ ಹಾಜರು.
ಬುಧವಾರ ಗೈರು. ಗುರುವಾರ ಹಾಜರು.
ಎಂಥ ಜ್ವರ ಮಾರಾಯ್ತಿ ಇದು,
ಟೈಮ್‌ಟೇಬಲ್ ನೋಡಿ ಬರುವಂಥದ್ದು?"

ಹೌದು ಸರ್, ಅದಕ್ಕೂ ಒಂದು ಟೈಮ್‌ಟೇಬಲ್ ಉಂಟು.
ಬೆಳಿಗ್ಗೆ ಹತ್ತಕ್ಕೆ, ಬೆಲ್ ಹೊಡೆದ ಹಾಗೆ,
ಮೊದಲು ಉಗುರಿನ ತುದಿಗೆ ಚಳಿ.
ಆಮೇಲೆ ಹಲ್ಲು. ಆಮೇಲೆ ಮಂಚ.
ಡೆಲಿಶಾ ಹಾಸ್ಟೆಲಿನ ಮೂರು ಕಂಬಳಿ ಹೊದಿಸಿ
ಸಾಲದೆಂದು ಮೇಲೆ ತಾನೇ ಕೂತಳು,
ಕೂತಲ್ಲೇ ಮಧ್ಯಾಹ್ನದ ಪೇಪರಿಗೆ ಓದಿದಳು.
ಸಂಜೆ ಬೆವರು, ಗಂಜಿ, ಉಪ್ಪಿನಕಾಯಿ, ನಿದ್ದೆ.
ಮರುದಿನ ಏನೂ ಆಗದವಳ ಹಾಗೆ
ಎರಡು ಬನ್ಸ್ ತಿಂದು ಹೋಗಿ
ಹೆಚ್ಚುವರಿ ಹಾಳೆ ಕೇಳಿ ಕೇಳಿ ಬರೆದೆ.
ಆ ಹಾಳೆಗಳೇ ಈಗ ನನ್ನ ವಿರುದ್ಧ ಸಾಕ್ಷಿ.

ಆಸ್ಪತ್ರೆಯ ಸಾಲಿನಲ್ಲಿ ನನ್ನ ಮುಂದಿದ್ದವನ
ತಲೆಗೂದಲಲ್ಲಿ ಸಿಮೆಂಟು.
ಹಾಸ್ಟೆಲಿನ ಹಿಂದೆ ಏಳುತ್ತಿರುವ ಕಟ್ಟಡದವನಂತೆ,
ಅದರ ಲಿಫ್ಟಿನ ಗುಂಡಿಯಲ್ಲಿ
ಮೇ ತಿಂಗಳಿಂದ ನೀರು.
ನಮ್ಮಿಬ್ಬರನ್ನೂ ಕಚ್ಚಿದ್ದು ಒಂದೇ ಸೊಳ್ಳೆಯೋ ಏನೋ.
"ನಿಮಗ ಪರೀಕ್ಷಾ ಮತ್ತ ಕೊಡ್ತಾರೇನ್ರಿ?" ಕೇಳಿದ.
ಗೊತ್ತಿಲ್ಲ, ಅರ್ಜಿ ಹಾಕಬೇಕು ಅಂದೆ.
"ನಮಗ ಹ್ವಾದ ಪಗಾರಕ್ಕ ಅರ್ಜೀನೂ ಇಲ್ಲ,"
ಎಂದು ನಕ್ಕು, ಬೆರಳು ಚಾಚಿದ ಸೂಜಿಗೆ.

ಅರ್ಜಿಯಲ್ಲಿ ಒಂದೇ ಒಂದು ಗೆರೆ:
ಅನಾರೋಗ್ಯದ ಅವಧಿ, ಇಂಥ ದಿನದಿಂದ ಇಂಥ ದಿನದವರೆಗೆ.
ಡಾಕ್ಟರು ಹೇಳಿದ್ದು ಬೇರೆ:
"ಹದಿನಾಲ್ಕು ದಿನ ಮಾತ್ರೆ ತಪ್ಪಿಸಬೇಡ.
ಇದು ಲಿವರಿನಲ್ಲಿ ಮಲಗಿರುತ್ತದೆ,
ತಿಂಗಳು ಬಿಟ್ಟು ಎದ್ದರೂ ಎದ್ದೀತು."
ಮಲಗಿದ್ದಕ್ಕೆ ಎಲ್ಲಿಯವರೆಗೆ ಎಂದು ಬರೆಯಲಿ?

ಗಟ್ಟಿಯವರು ಅಕ್ಕಪಕ್ಕ ನೋಡಿ ಸ್ವರ ತಗ್ಗಿಸುತ್ತಾರೆ.
ಕೆಟ್ಟವರಲ್ಲ. ತಮ್ಮ ಪೆನ್ನನ್ನೇ ಕೊಡುತ್ತಾರೆ.
"ನೋಡು ಮಿಸ್ರಿಯಾ, ಇಡೀ ವಾರ ಜ್ವರ ಎಂದು ಬರೆ.
ಬರೆದ ಎರಡು ಪೇಪರನ್ನೂ ಬಿಟ್ಟುಬಿಡು.
ಆಗ ಸಮಿತಿಯವರಿಗೆ ಅರ್ಥ ಆಗ್ತದೆ."

ಎಂಥ ಚಂದ ಬರೆದಿದ್ದೆ ಮಂಗಳವಾರ.
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು
ಇವತ್ತು ಯಾವ ವಾರ ಸರ್ ಎನ್ನುತ್ತೇನೆ,
ಉಗುರಿನ ತುದಿ ಮುಟ್ಟಿ ನೋಡಿಕೊಳ್ಳುತ್ತ.