ಏಳನೆಯ ಮುತ್ತಿಗೆ

ಉರುಕುಂದನ ಗಂಟಲಲ್ಲಿ ಎರಡು ಗಂಟು.
ರಾಯಚೂರಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ
ಮಾತು ಬೇಕೋ ಕಿರುಚಾಟ ಬೇಕೋ
ಒಂದನ್ನು ಆರಿಸಿಕೋ ಅಂದರಂತೆ.
ಮಗಳಿಗಿನ್ನೂ ಎರಡು ವರ್ಷ. ಮಾತು ಅಂದ.

ಅಷ್ಟರಲ್ಲಿ ಆರು ಹಾಡು ಮುಗಿದಿದ್ದವು.
ಮುಗಿದಿದ್ದವು ಅಂದರೆ ನುಡಿಸಿ ಇಟ್ಟಿದ್ದೆವು,
ದನಿ ಕೂರಬೇಕಾದ ಜಾಗ ಬಿಟ್ಟು,
ಬಸ್ಸಿನ ಸೀಟಿಗೆ ಟವೆಲು ಹಾಕಿದ ಹಾಗೆ.
ಆರೂ ನಮ್ಮ ಆದವಾನಿ ಗುಡ್ಡದ ಕೋಟೆಯವೇ:
ಆನೆ, ಏಣಿ, ಮದ್ದಿನಮನೆಗೆ ಬಿದ್ದ ಕಿಡಿ,
ಬಾಗಿಲ ಮೊಳೆಗೆ ಸಿಕ್ಕಿಕೊಂಡ ಪೇಟ.
ಪದ ಕಟ್ಟಿದ್ದು ನಾನು. ಎಲ್ಲದರ ಕೊನೆಗೂ
ಕಡಿ ಕಡಿ ಕಡಿ.
ಆ ಮೂರನೆಯ 'ಡಿ' ಮೇಲೆ ಚಂದಪ್ಪನ ಡ್ರಮ್ಮು
ಕ್ವಾರಿಯ ಕಲ್ಲಿನಂತೆ ಉರುಳಬೇಕು.

ನುಡಿಸುವುದು ರೈಲುಗೇಟಿನಾಚೆ
ಮುಚ್ಚಿದ ಜಿನ್ನಿಂಗ್ ಮಿಲ್ಲಿನಲ್ಲಿ.
ಗೋಡೆಗೆ ಮೂವತ್ತು ವರ್ಷದ ಅರಳೆಧೂಳು
ಬೆರಳು ದಪ್ಪ ಕೂತಿದೆ. ಎಷ್ಟು ಹೊಡೆದರೂ
ಸದ್ದು ಬೀದಿ ದಾಟುವುದಿಲ್ಲ.
ಕಾವಲಿನ ತಾತ ಮಾತ್ರ ಕೇಳುತ್ತಿದ್ದ:
'ಹೊಟ್ಟೆನೋವೇನಪ್ಪ ಆ ಹುಡುಗನಿಗೆ?'

ಮಾಬುನ್ನಿಯನ್ನು ಕರೆತಂದವನು ಚಂದಪ್ಪ.
ಹತ್ತಿ ಮಾರ್ಕೆಟ್ಟಿನ ತೂಕದ ಕಟ್ಟೆಯಲ್ಲಿ
ಲಾಟಿನ ನಂಬರು ಕೂಗುವವಳು.
ಮೈಕು ಕೆಟ್ಟ ದಿನ ಅವಳೇ ಮೈಕು.
ಮೂರು ಶೆಡ್ಡು ದಾಟಿ, ಲಾರಿ ಹಾರನ್ನಿನ ಮೇಲೆ ಹತ್ತಿ
'ಇನ್ನೂರಾ ಹದಿನೇಳೂ'
ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ.

ಗಿಟಾರಿನ ದಪ್ಪ ತಂತಿ ಇನ್ನೂ ಇಳಿಸಿ ಮೀಟಿದೆ.
ಬೆಚ್ಚುತ್ತಾಳೆ ಅಂದುಕೊಂಡೆ. ನಕ್ಕಳು.
'ಇದು ನಮ್ಮ ತಾತನ ಬಿಲ್ಲಲ್ಲೇನು?
ಗಾದಿ ಹತ್ತಿ ಹಿಂಜೋವಾಗ
ಮನೆಯೆಲ್ಲ ಹಿಂಗೇ ಗುಂಯ್ ಅಂತಿತ್ತು.
ಹಲ್ಲಿನಾಗೆ ನಡುಕ ಬರತಿತ್ತು.
ಅದರಾಗೇ ನಿದ್ದೆ ಮಾಡಿದೋರು ನಾವು.'

ಹದಿನೈದು ದಿನದಲ್ಲಿ ಆರೂ ಹಾಡಿದಳು.
ತಳದಿಂದ ಕೊಡ ಸೇದಿದ ಹಾಗೆ ಸೇದುತ್ತಾಳೆ,
ಅಂಚಿಗೆ ಬಂದು ತುಳುಕುತ್ತದೆ.
ಉರುಕುಂದ ಹಾಡಿದರೆ ಯಾರೋ ಕದ ಒಡೆಯುತ್ತಿದ್ದರು.
ಇವಳು ಒಳಗಿನಿಂದ ಅದೇ ಕದಕ್ಕೆ
ಬೆನ್ನು ಒತ್ತಿ ನಿಂತಿದ್ದಾಳೆ ಅನಿಸುತ್ತದೆ.
ಹಾಡುಗಳು ಹಾಳಾದವು ಅಂತಲೇ ಮೊದಲು ಅನಿಸಿತ್ತು.

ಏಳನೆಯದು ಸಿದ್ದಿ ಸರದಾರನದು.
ಊರಲ್ಲಿ ಹೇಳುವ ಕತೆ: ತಿಂಗಳುಗಟ್ಟಲೆ ಮುತ್ತಿಗೆ,
ಕೋಟೆ ಬೀಳಲಿಲ್ಲ. ಕೊನೆಗೆ ವೈರಿ
ತೋಪಿನ ಬಾಯಿ ತಿರುಗಿಸಿದ
ಕೆಳಗೆ ಪೇಟೆಯಲ್ಲಿ ಇವನು ಕಟ್ಟಿಸಿದ ಮಸೀದಿಯ ಕಡೆಗೆ.
ಮೇಲಿಂದ ನೋಡಿದನಂತೆ.
ಬೀಗದಕೈ ಕಳಿಸಿಕೊಟ್ಟನಂತೆ.

ನಾನು ಅದಕ್ಕೂ ಕಡಿ ಕಡಿ ಬರೆದಿದ್ದೆ.

ಹಾಳೆ ಓದಿ ಮಾಬುನ್ನಿ ಕೇಳಿದಳು,
'ಇದರಾಗೆ ಕಡಿದೋರು ಯಾರು?'
ಚಂದಪ್ಪ ಕೋಲು ತಿರುಗಿಸುತ್ತ,
'ಮೆಟಲ್ ಅಂದ್ರೆ ಹಂಗೇ ಇರಬೇಕಕ್ಕಾ.'
'ಇರಲಿ. ಕಡಿದೋರು ಯಾರು?'

ಮರುದಿನ ಹೊಸ ಹಾಳೆ ತಂದೆ. ಅವಳು ತೆರೆಯಲೇ ಇಲ್ಲ.
'ಆ ಗುಂಯ್ ಒಂದೇ ಇರಲಿ, ಬಾಕಿದ್ದೆಲ್ಲ ನಿಲ್ಲಿಸಿರಿ' ಅಂದು
ಕಣ್ಣು ಮುಚ್ಚಿ
ಮಾರ್ಕೆಟ್ಟಿನ ದನಿಯಲ್ಲಿ ಎಣಿಸತೊಡಗಿದಳು.
ಒಂದೂ, ಊರಬಾಗಿಲದು.
ಎರಡೂ, ಮದ್ದಿನಮನೆಯದು.
ಮೂರೂ, ಕಣಜದ್ದು.
ಒಂದೊಂದಕ್ಕೂ ದನಿ ಒಂದು ಮೆಟ್ಟಿಲು ಏರುತ್ತ,
ಲಾಯದ್ದು, ಬಾವಿಯದು,
ಎಂಟನೆಯದಕ್ಕೆ ತಗಡಿನ ಮಾಡು ಅದುರಿ
ತೊಲೆಯ ಮೇಲಿನ ಧೂಳು ಉದುರತೊಡಗಿತು.
ಒಂಬತ್ತನೆಯದನ್ನು ಕೂಗಲಿಲ್ಲ.
ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆತ್ತಗೆ:
'ಒಂಬತ್ತು. ಇದು ನನ್ನ ಕೋಣೆಯದು.'

ಕತೆಯಲ್ಲಿ ಎಷ್ಟು ಬೀಗದಕೈ ಅಂತ ಇಲ್ಲ.
ಕೇಳಲು ನನಗೆ ಬಾಯಿ ಬರಲಿಲ್ಲ.
ಡ್ರಮ್ಮಿನ ಚರ್ಮದ ಮೇಲೆ ಅರಳೆ ಇಳಿಯುತ್ತಿತ್ತು,
ಚಂದಪ್ಪ ಒರೆಸದೆ ನೋಡುತ್ತಿದ್ದ.

ಉರುಕುಂದನಿಗೆ ಫೋನಿನಲ್ಲಿ ಕೇಳಿಸಿದೆವು.
ಪೂರ್ತಿ ಎಂಟು ನಿಮಿಷ ಸುಮ್ಮನಿದ್ದ.
ಆಮೇಲೆ, ಇದ್ದಷ್ಟು ದನಿಯಲ್ಲಿ:
'ಎಂಟನೇದು ಆದಮೇಲೆ ಉಸಿರು ತಗೋತಾಳೆ ನೋಡು,
ಸದ್ದು ಕೇಳತೈತೆ. ಅದನ್ನ ಅಳಿಸಬ್ಯಾಡ್ರಿ.'

ಅಳಿಸಿಲ್ಲ.
ತಾತ ಕೆಮ್ಮಿದ್ದೂ ಹಾಗೇ ಇದೆ.